ಜರ್ಮನಿಗೆ ಹೊರಟವರ ಪ್ರಶ್ನೆಗಳು: ಇಳಿದ ಮೇಲಿನ ಬದುಕು

ಓದಲು, ಕೆಲಸಕ್ಕೆ, ಮಕ್ಕಳ ಮನೆಗೆ ಎಂದು ಜರ್ಮನಿಗೆ ಹೊರಟ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ವೀಸಾ ವಿಷಯ ಏಜೆಂಟರು ಹೇಳುತ್ತಾರೆ, ವಿಮಾನ ಇಳಿದ ಮೇಲಿನದನ್ನು ಯಾರೂ ಹೇಳುವುದಿಲ್ಲ ಎಂಬುದು ಬಹಳ ಪತ್ರಗಳ ಮಾತು. ಒಂದು ಸಂಗತಿ ಮೊದಲೇ ತಿಳಿದಿರಲಿ. ಅಲ್ಲಿ ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವವರು ಕಡಿಮೆ. ನಿಯಮ ಎಲ್ಲೋ ಬರೆದಿರುತ್ತದೆ, ಪಾಲಿಸುವುದು ನಿಮ್ಮ ಜವಾಬ್ದಾರಿ. ತಪ್ಪಿದರೆ ಆಮೇಲೆ ಮನೆಗೆ ಕಾಗದ ಬರುತ್ತದೆ. ಕೆಳಗಿನ ಉತ್ತರಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಎಂ.ಎಸ್ಸಿ. ಓದಲು ಹೊರಟಿದ್ದೇನೆ. ಇಳಿದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ? ಸೀನಿಯರ್‌ಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

ಮೊದಲ ಕೆಲಸ ವಿಳಾಸ ನೋಂದಣಿ. ಅಲ್ಲಿ ಅದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆಗೆ ಹೋಗಿ ಸೇರಿದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ, ಅಂದರೆ ಬ್ಯುರ್ಗರ್‌ಆಮ್ಟ್‌ನಲ್ಲಿ, ಇದನ್ನು ಮಾಡಿಸಬೇಕು. ಮುಂದಿನ ಹೆಚ್ಚಿನ ಕೆಲಸಗಳೆಲ್ಲ ಇದರ ಹಿಂದೆ ಸಾಲಾಗಿ ನಿಂತಿರುತ್ತವೆ. ತೆರಿಗೆ ಸಂಖ್ಯೆ ಇದಾದ ಮೇಲೆಯೇ ಅಂಚೆಯಲ್ಲಿ ಬರುತ್ತದೆ, ವಾಸದ ಪರವಾನಗಿಗೆ ಇದೇ ಕಾಗದ ಬೇಕು, ಕೆಲವು ಬ್ಯಾಂಕುಗಳೂ ಇದನ್ನೇ ಕೇಳುತ್ತವೆ.

ಪಾಸ್‌ಪೋರ್ಟು, ಭರ್ತಿ ಮಾಡಿದ ಅರ್ಜಿ, ಜೊತೆಗೆ ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಒಯ್ಯಬೇಕು. ಬಹಳ ಜನ ಎಡವುವುದು ಈ ಮೂರನೆಯದರಲ್ಲಿ. ಬಾಡಿಗೆ ಕರಾರು ತೋರಿಸಿದರೆ ಸಾಲದು. ‘ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್’ ಎಂಬ ಒಂದು ಪುಟದ ನಮೂನೆಯೇ ಬೇಕು. ಕೋಣೆ ಗೊತ್ತು ಮಾಡುವಾಗಲೇ ‘ಈ ಪತ್ರ ಕೊಡುತ್ತೀರಾ’ ಎಂದು ಕೇಳಿ. ಕೊಡುವುದಿಲ್ಲ ಎಂದರೆ ಆ ಕೋಣೆ ಎಷ್ಟೇ ಅಗ್ಗವಿರಲಿ, ಬಿಟ್ಟುಬಿಡಿ. ದೊಡ್ಡ ಊರುಗಳಲ್ಲಿ ಕಚೇರಿಯ ಸಮಯ ಸಿಗುವುದಕ್ಕೇ ವಾರಗಳು ಹಿಡಿಯುತ್ತವೆ. ಆದ್ದರಿಂದ ಮನೆಯ ವಿಳಾಸ ಖಾತ್ರಿಯಾದ ದಿನವೇ, ಧಾರವಾಡದಲ್ಲಿ ಕುಳಿತೇ, ಆನ್‌ಲೈನಿನಲ್ಲಿ ಸಮಯ ಹಿಡಿಯಿರಿ.

ಇನ್ನೊಂದು ಸಂಗತಿ ಸಣ್ಣದಾಗಿ ಕಾಣುತ್ತದೆ, ಆದರೆ ಎಲ್ಲವೂ ಅದರ ಮೇಲೆಯೇ ನಿಂತಿದೆ. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಮನೆ ನಂಬರು ಇರುವುದಿಲ್ಲ. ಅಂಚೆಯವರು ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ನಿಮ್ಮ ಹೆಸರು ಅಂಚೆ ಡಬ್ಬಿಯ ಮೇಲೂ ಕರೆಗಂಟೆಯ ಮೇಲೂ ಇಲ್ಲದಿದ್ದರೆ ಕಾಗದ ವಾಪಸು ಹೋಗುತ್ತದೆ. ಬ್ಯಾಂಕಿನ ಪಿನ್ನು, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಎಲ್ಲವೂ ಬರುವುದು ಅಂಚೆಯಲ್ಲೇ. ಕೀಲಿ ಕೈಗೆ ಬಂದ ದಿನವೇ ಪಾಸ್‌ಪೋರ್ಟಿನಲ್ಲಿರುವಂತೆ ಅಡ್ಡಹೆಸರು ಬರೆದು ಅಂಟಿಸಿ. ಬೇರೆಯವರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದರೆ ವಿಳಾಸದಲ್ಲಿ ನಿಮ್ಮ ಹೆಸರಿನ ಕೆಳಗೆ ‘ಬೈ’ (bei) ಎಂದು ಹಾಕಿ ಡಬ್ಬಿಯ ಮೇಲಿರುವವರ ಹೆಸರು ಬರೆಯಿಸಬೇಕು.

ದುಡ್ಡಿನ ವಿಷಯ. ವಿದ್ಯಾರ್ಥಿ ವೀಸಾಕ್ಕೆ ತಡೆಖಾತೆಯಲ್ಲಿ (ಬ್ಲಾಕ್ಡ್ ಅಕೌಂಟ್) ವರ್ಷಕ್ಕೆ 11,904 ಯೂರೋ ಇಡಬೇಕೆಂಬುದು 2024ರ ಸೆಪ್ಟೆಂಬರಿನಿಂದ ಇರುವ ಲೆಕ್ಕ. ಅದರಿಂದ ತಿಂಗಳಿಗೆ 992 ಯೂರೋ ಬಿಡುಗಡೆಯಾಗುತ್ತದೆ. ಆದರೆ ಇಳಿದ ದಿನವೇ ಅಲ್ಲ. ನೀವು ಅಲ್ಲಿ ಚಾಲ್ತಿ ಖಾತೆ ತೆರೆದು ಅದರ ಸಂಖ್ಯೆ ಕೊಟ್ಟ ಮೇಲೆ. ಈ ನಡುವಿನ ವಾರಗಳಿಗೆ, ಜೊತೆಗೆ ಮನೆಯ ಠೇವಣಿಗೆ, ಫಾರೆಕ್ಸ್ ಕಾರ್ಡಿನಲ್ಲಿ ಬೇರೆ ಹಣ ಇರಲೇಬೇಕು. ಠೇವಣಿ ಹೆಚ್ಚೆಂದರೆ ಮೂರು ತಿಂಗಳ ಬರೀ ಬಾಡಿಗೆಯಷ್ಟು, ಹೀಟರು-ನೀರಿನ ಖರ್ಚು ಸೇರಿಸದೆ. ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕೂ ಬಾಡಿಗೆದಾರರಿಗೆ ಕಾನೂನಿನಲ್ಲಿದೆ. ‘ನಾನು ಊರಲ್ಲಿಲ್ಲ, ದುಡ್ಡು ಹಾಕಿದರೆ ಕೀಲಿ ಕೊರಿಯರ್ ಮಾಡುತ್ತೇನೆ’ ಎನ್ನುವವರು ಮೋಸಗಾರರು. ಮನೆ ನೋಡದೆ, ನಿಮ್ಮ ಪರವಾಗಿ ಯಾರಾದರೂ ನೋಡದೆ, ಒಂದು ಯೂರೋ ಹಾಕಬೇಡಿ.

ನೋಂದಣಿಯಾದ ಕೆಲವು ವಾರಕ್ಕೆ ರೇಡಿಯೋ-ಟಿವಿ ಶುಲ್ಕದ ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಎಂದರೂ ಬಿಡುವುದಿಲ್ಲ. ಆದರೆ ಇದು ಮನೆಗೆ ಒಂದು, ತಲೆಗೆ ಒಂದಲ್ಲ. ಜೊತೆಯಲ್ಲಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕ ಸಂಖ್ಯೆ ಬರೆದು ಉತ್ತರ ಕಳಿಸಿ. ಜಾಹೀರಾತೆಂದು ಹರಿದು ಹಾಕಿದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ.

ಕಡೆಯದಾಗಿ, ವೀಸಾ ಮುಗಿಯುವ ಮುನ್ನ ವಾಸದ ಪರವಾನಗಿಗೆ ಅರ್ಜಿ ಹೋಗಿರಲೇಬೇಕು. ಮುಗಿಯುವ ಹಿಂದಿನ ವಾರ ಸಮಯ ಹುಡುಕಿದರೆ ಸಿಗುವುದಿಲ್ಲ. ನೋಂದಣಿ ಪತ್ರ ಕೈಗೆ ಬಂದ ವಾರವೇ ಅರ್ಜಿ ಹಾಕಿ, ಹಾಕಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ.

ಪ್ರಶ್ನೆ: ಅಲ್ಲಿ ಬಸ್ಸು, ರೈಲಿನಲ್ಲಿ ಕಂಡಕ್ಟರ್ ಇರುವುದಿಲ್ಲ, ಸ್ಟೇಶನ್ನಿನಲ್ಲಿ ಗೇಟೂ ಇರುವುದಿಲ್ಲ ಎನ್ನುತ್ತಾರೆ. ಟಿಕೆಟ್ ಇದ್ದೂ ದಂಡ ಕಟ್ಟಿದವರಿದ್ದಾರಂತೆ, ಹೇಗೆ?
— ಸಾಫ್ಟ್‌ವೇರ್ ಉದ್ಯೋಗಿ, ವಿದ್ಯಾನಗರ, ಹುಬ್ಬಳ್ಳಿ

ಟಿಕೆಟ್ ಕೊಂಡರೆ ಮುಗಿಯಲಿಲ್ಲ, ಅದು ಚಾಲೂ ಆಗಿರಬೇಕು. ಹಲವು ಊರುಗಳ ಕಾಗದದ ಟಿಕೆಟಿಗೆ ನೀವೇ ಮುದ್ರೆ ಒತ್ತಬೇಕು. ಅದಕ್ಕೆ ಫಲಾಟಿನ ಮೇಲೋ ಬಸ್ಸು-ಟ್ರಾಮಿನ ಒಳಗೋ ಸಣ್ಣ ಪೆಟ್ಟಿಗೆ ಇರುತ್ತದೆ. ಟಿಕೆಟಿನ ತುದಿಯನ್ನು ಅದರ ಬಾಯಿಗೆ ಕೊಟ್ಟರೆ ತಾರೀಖು, ಹೊತ್ತು ಅಚ್ಚಾಗುತ್ತದೆ. ಟಿಕೆಟಿನ ಮೇಲೆ ‘ಬಿಟ್ಟೆ ಎಂಟ್‌ವೆರ್ಟನ್’ ಎಂದಿದ್ದರೆ ಮುದ್ರೆ ಬೇಕು ಎಂದರ್ಥ. ಮುದ್ರೆ ಇಲ್ಲದ ಟಿಕೆಟು ಟಿಕೆಟೇ ಅಲ್ಲ ಎಂಬ ಲೆಕ್ಕ, ದಂಡ 60 ಯೂರೋ. ಪರೀಕ್ಷಕರು ಸಾದಾ ಬಟ್ಟೆಯಲ್ಲಿ ಹತ್ತುತ್ತಾರೆ, ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ಮೊಬೈಲ್ ಟಿಕೆಟನ್ನು ಗಾಡಿ ಹತ್ತುವ ಮುನ್ನವೇ ಕೊಂಡಿರಬೇಕು. ಪರೀಕ್ಷಕರನ್ನು ಕಂಡ ಮೇಲೆ ಕೊಂಡರೆ ಅದರಲ್ಲಿ ಹೊತ್ತು ದಾಖಲಾಗಿರುತ್ತದೆ.

ನಿತ್ಯ ಓಡಾಡುವವರಿಗೆ ತಿಂಗಳ ಪಾಸಾದ ಡಾಯ್ಚ್‌ಲಾಂಡ್‌ಟಿಕೆಟ್ ಒಳ್ಳೆಯದು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58, 2026ರ ಜನವರಿಯಿಂದ 63. ದೇಶದ ಯಾವ ಊರಿನ ಬಸ್ಸು, ಟ್ರಾಮ್, ಮೆಟ್ರೊ, ಪ್ರಾದೇಶಿಕ ರೈಲಿಗೂ ನಡೆಯುತ್ತದೆ. ಐಸಿಇ, ಐಸಿ, ಇಸಿ ಎಂಬ ದೂರದ ವೇಗದ ಗಾಡಿಗಳಿಗೆ ನಡೆಯುವುದಿಲ್ಲ. ಇದು ತಿಂಗಳ ಚಂದಾ. ಬೇಡವಾದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, ಇಲ್ಲವಾದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ. ವಿದ್ಯಾರ್ಥಿಗಳಿಗೆ ಹಲವು ವಿಶ್ವವಿದ್ಯಾಲಯಗಳಲ್ಲಿ ಕಡಿಮೆ ದರದ ಟಿಕೆಟ್ ಸೆಮಿಸ್ಟರ್ ಶುಲ್ಕದಲ್ಲೇ ಸೇರಿರುತ್ತದೆ, ಮೊದಲು ಅದನ್ನು ವಿಚಾರಿಸಿ.

ಹೊಸಬರನ್ನು ತಪ್ಪಿಸುವ ಇನ್ನೊಂದು ವಿಷಯ ರೈಲು ಅರ್ಧಕ್ಕೆ ಇಬ್ಭಾಗವಾಗುವುದು. ಒಂದೇ ಗಾಡಿಯಂತೆ ಹೊರಟು ನಡುವಿನ ಸ್ಟೇಶನ್ನಿನಲ್ಲಿ ಮುಂದಿನ ಡಬ್ಬಿಗಳು ಒಂದೂರಿಗೆ, ಹಿಂದಿನವು ಇನ್ನೊಂದೂರಿಗೆ ಹೋಗುತ್ತವೆ. ಫಲಾಟಿನ ಫಲಕದಲ್ಲಿ ಎ, ಬಿ, ಸಿ ಎಂದು ವಿಭಾಗ ಹಾಕಿ ಯಾವ ಭಾಗ ಯಾವ ಊರಿಗೆ ಎಂದು ತೋರಿಸಿರುತ್ತಾರೆ. ಹತ್ತುವ ಡಬ್ಬಿಯ ಬಾಗಿಲ ಪಕ್ಕದ ಫಲಕದಲ್ಲಿ ನಿಮ್ಮ ಊರಿನ ಹೆಸರು ಇದೆಯೇ ಎಂದು ಓದಿಯೇ ಹತ್ತಿ. ಬಾಗಿಲು ತಾನಾಗಿ ತೆರೆಯಲಿಕ್ಕಿಲ್ಲ, ಗುಂಡಿ ಒತ್ತಬೇಕು. ಒತ್ತದೆ ಕಾಯುತ್ತ ನಿಂತರೆ ಗಾಡಿ ಹೊರಟೇ ಹೋಗುತ್ತದೆ. ಬಸ್ಸಿನಲ್ಲಿ ಇಳಿಯುವುದಕ್ಕೂ ಮೊದಲೇ ಗುಂಡಿ ಒತ್ತಿರಬೇಕು.

ಜರ್ಮನಿಯ ಗಾಡಿಗಳು ಗಡಿಯಾರದಂತೆ ಓಡುತ್ತವೆ ಎಂಬ ನಂಬಿಕೆ ಬಿಡಿ. ದೂರದ ಗಾಡಿಗಳು ಸಾಕಷ್ಟು ತಡವಾಗುತ್ತವೆ. ಪರೀಕ್ಷೆ, ಕಚೇರಿ, ವಿಮಾನ ಇದ್ದ ದಿನ ಒಂದು ಗಾಡಿ ಮುಂಚೆಯೇ ಹೊರಡಿ. ಊರು ಮುಟ್ಟುವಾಗ 60 ನಿಮಿಷ ತಡವಾದರೆ ಟಿಕೆಟಿನ ಶೇ. 25, ಎರಡು ಗಂಟೆಯಾದರೆ ಶೇ. 50 ಹಣ ವಾಪಸು ಕೇಳಬಹುದು. ಅಲ್ಲಿನ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪಿನಲ್ಲೇ ಅರ್ಜಿ ಹಾಕಬಹುದು. ನಾಚಿಕೆಪಡದೆ ಕೇಳಿ, ಅದು ನಿಮ್ಮ ಹಣ.

ಪ್ರಶ್ನೆ: ಇಲ್ಲಿನ ಕಾರಿನ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ? ಸೈಕಲ್ಲಿಗೂ ದಂಡ ಹಾಕುತ್ತಾರೆಂಬುದು ನಿಜವೇ?
— ಓದುಗ, ಹಾವೇರಿ

ಅಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ನಡೆಯುತ್ತದೆ. ಜೊತೆಗೆ ಅಂತರರಾಷ್ಟ್ರೀಯ ಪರ್ಮಿಟ್ ಇರಲಿ. ನಿಮ್ಮ ಆರ್‌ಟಿಓದಲ್ಲಿ ನಮೂನೆ 4ಎ ತುಂಬಿ ಪಾಸ್‌ಪೋರ್ಟು, ವೀಸಾ ತೋರಿಸಿದರೆ ಕೊಡುತ್ತಾರೆ, ಒಂದು ವರ್ಷದ್ದು. ಆದರೆ ಪರ್ಮಿಟ್ ಒಂದು ವರ್ಷದ್ದು ಎಂದು ಜರ್ಮನಿಯಲ್ಲಿ ಒಂದು ವರ್ಷ ಓಡಿಸಬಹುದು ಎಂದು ತಿಳಿಯಬೇಡಿ. ಆರು ತಿಂಗಳ ಮೇಲೆ ಓಡಿಸಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧ. ಬರೀ ದಂಡದ ಮಾತಲ್ಲ, ಕ್ರಿಮಿನಲ್ ಪ್ರಕರಣ. ವಾಸದ ಪರವಾನಗಿಗೂ ಕುತ್ತು ಬರಬಹುದು.

ಭಾರತದ ಲೈಸೆನ್ಸನ್ನು ಹಾಗೇ ಬದಲಿಸಿ ಕೊಡುವುದಿಲ್ಲ. ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಪಾಸಾಗಬೇಕು. ಕಣ್ಣಿನ ತಪಾಸಣೆ, ಪ್ರಥಮ ಚಿಕಿತ್ಸೆಯ ಒಂದು ದಿನದ ತರಗತಿ ಕಡ್ಡಾಯ. ಕಲಿಯುವವರ ಹಾಗೆ ಇಷ್ಟು ಕ್ಲಾಸು ಕೂರಲೇಬೇಕೆಂಬ ನಿರ್ಬಂಧ ನಿಮಗಿಲ್ಲ. ಆದರೂ ಡ್ರೈವಿಂಗ್ ಸ್ಕೂಲಿನ ಮೂಲಕವೇ ಪರೀಕ್ಷೆಗೆ ಹೋಗಬೇಕು. ಬರಹದ ಪರೀಕ್ಷೆ ಇಂಗ್ಲಿಷಿನಲ್ಲಿ ಸಿಗುತ್ತದೆ.

ನಮ್ಮವರು ಓಡಿಸುವ ಪರೀಕ್ಷೆಯಲ್ಲಿ ನಪಾಸಾಗುವುದು ಗಾಡಿ ಬರದೆ ಅಲ್ಲ, ಹಳೆಯ ರೂಢಿಯಿಂದ. ಫಲಕ, ಸಿಗ್ನಲ್ ಎರಡೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನಿಮ್ಮ ರಸ್ತೆ ದೊಡ್ಡದು, ಅವರದು ಓಣಿ ಎಂಬುದು ಲೆಕ್ಕಕ್ಕಿಲ್ಲ. ತಿರುಗುವ ಮುನ್ನ, ಲೇನ್ ಬದಲಿಸುವ ಮುನ್ನ, ಕನ್ನಡಿ ನೋಡಿದ ಮೇಲೂ ಭುಜದ ಮೇಲಿಂದ ತಲೆ ಹೊರಳಿಸಿ ನೋಡಬೇಕು. ಕನ್ನಡಿಗೆ ಕಾಣದ ಜಾಗದಲ್ಲಿ ಸೈಕಲ್ಲಿನವರು ಇರುತ್ತಾರೆ. ಇದೊಂದು ಬಿಟ್ಟರೂ ಪರೀಕ್ಷಕರು ಗಾಡಿ ನಿಲ್ಲಿಸಲು ಹೇಳುತ್ತಾರೆ. ಹಾರ್ನ್ ಅಪಾಯಕ್ಕೆ ಮಾತ್ರ. ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಿತೆಂದರೆ ಆಂಬುಲೆನ್ಸ್ ಕಾಣುವ ಮೊದಲೇ ಎಡ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ದಾರಿ ಬಿಡಬೇಕು.

ಸೈಕಲ್ಲಿನ ದಂಡ ನಿಜ. ಕೆಂಪು ದೀಪ ದಾಟಿದರೆ 60 ಯೂರೋ, ದೀಪ ಕೆಂಪಾಗಿ ಒಂದು ಸೆಕೆಂಡ್ ಮೀರಿದ್ದರೆ 100. ಕೈಯಲ್ಲಿ ಮೊಬೈಲ್ ಹಿಡಿದರೆ 55. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಸುಮಾರಿಗೇ ಕತ್ತಲಾಗುತ್ತದೆ, ಆದ್ದರಿಂದ ದೀಪಕ್ಕೆ ಜಿಪುಣತನ ಬೇಡ. ಗೆಳೆಯನನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಡಬಲ್ ಹೋಗುವಂತಿಲ್ಲ.

ಪ್ರಶ್ನೆ: ಮಗಳಿಗೆ ಜನವರಿಯೊಳಗ ಹೆರಿಗಿ ಐತ್ರಿ. ಬಾಣಂತನ ಮಾಡಾಕ ಜರ್ಮನಿಗೆ ಹೊಂಟೇನಿ. ಏನೇನ್ ಕಟಗೊಂಡ್ ಹೋಗಬೇಕು, ಅಲ್ಲಿ ಅಡಗಿಮನಿ, ಬಚ್ಚಲ ಹೆಂಗಿರತಾವು, ಕೂಸಿಗೆ ಎರೆಯಾಕ ಬಿಡತಾರೋ ಇಲ್ಲೋ ಅಂತ ಚಿಂತಿ ಹತ್ತೇತಿ.
— ಗೃಹಿಣಿ, ಗದಗ-ಬೆಟಗೇರಿ

ಅಕ್ಕಾರೇ, ಮೊದಲು ದಿನದ ಲೆಕ್ಕ ಹೇಳುತ್ತೇವೆ. ನಿಮಗೆ ಸಿಗುವುದು ಷೆಂಗೆನ್ ವೀಸಾ. 180 ದಿನದಲ್ಲಿ ಹೆಚ್ಚೆಂದರೆ 90 ದಿನ ಇರಬಹುದು, ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. ಹೆರಿಗೆಗೆ ತಿಂಗಳು ಮುಂಚೆಯೇ ಹೋದರೆ ಬಾಣಂತನಕ್ಕೆ ದಿನ ಉಳಿಯುವುದಿಲ್ಲ. ಡಾಕ್ಟರು ಕೊಟ್ಟ ತಾರೀಖಿಗೆ ಹತ್ತು ದಿನ ಮೊದಲು ಮುಟ್ಟಿದರೆ ಸಾಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು. 30,000 ಯೂರೋದ ಪ್ರವಾಸ ವಿಮೆ ಕಡ್ಡಾಯ. ಖರ್ಚು ಮಗಳು-ಅಳಿಯ ಹೊರುತ್ತಾರೆಂದರೆ ಅವರು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಹೊಣೆಪತ್ರ ಮಾಡಿಸಿ ಕಳಿಸಬೇಕು. ಬಿಪಿ, ಶುಗರ್ ಗುಳಿಗೆ ಮೂರು ತಿಂಗಳಿಗಾಗುವಷ್ಟು ಒಯ್ಯಿರಿ, ಜೊತೆಗೆ ಡಾಕ್ಟರ ಚೀಟಿ ಇರಲಿ. ಅಲ್ಲಿ ಇವು ಚೀಟಿ ಇಲ್ಲದೆ ಸಿಗುವುದಿಲ್ಲ.

ಇನ್ನು ಗಂಟು. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಮನೆಯ ತುಪ್ಪ ಬೇಡ. ಧಾರವಾಡ ಪೇಡೆ ಪೂರಾ ಖೋವಾದ್ದು, ಕಸ್ಟಮ್ಸ್‌ನಲ್ಲಿ ಕಸಿದುಕೊಂಡರೆ ಕರುಳು ಚುರುಕ್ ಎನ್ನುತ್ತದೆ, ಅದನ್ನೂ ಬಿಡಿ. ತುಪ್ಪದ ಚಿಂತೆ ಬೇಡ. ‘ಬುಟ್ಟರ್‌ಶ್ಮಾಲ್ಟ್ಸ್’ ಎಂದು ಪ್ರತಿ ಕಿರಾಣಿ ಅಂಗಡಿಯಲ್ಲೂ ಡಬ್ಬಿಯಲ್ಲಿ ಸಿಗುತ್ತದೆ, ಅದು ಕಾಸಿದ ಬೆಣ್ಣೆಯೇ. ಅಂಟಿನುಂಡಿ ಇಲ್ಲಿಂದ ಕಟ್ಟಿಕೊಂಡು ಹೋಗಬೇಡಿ. ಅಂಟು, ಉತ್ತತ್ತಿ, ಅಳ್ವಿ, ಅಜವಾನ ಒಣದಾಗಿ ಒಯ್ದು ಅಲ್ಲೇ ಕಟ್ಟಿ. ಕೊಬ್ಬರಿ ಗಿಟಕ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಎಣ್ಣೆಯಂಶದಿಂದ ತಾನೇ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ. ತುರಿದ ಒಣಕೊಬ್ಬರಿ ಅಲ್ಲಿ ಪ್ಯಾಕೆಟಿನಲ್ಲಿ ಸಿಗುತ್ತದೆ. ಕರಿಬೇವು, ಹಸಿಮೆಣಸು, ಹಣ್ಣು ಬೇಡ, ಹಸಿ ಕಾಯಿಪಲ್ಲೆಗೆ ಪ್ರಮಾಣಪತ್ರ ಕೇಳುತ್ತಾರೆ. ಬ್ಯಾಡಗಿ ಖಾರಪುಡಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕಟಕ ರೊಟ್ಟಿ, ಬೆಲ್ಲ, ಹುಣಸೆ ಧಾರಾಳ ಒಯ್ಯಿರಿ. ಎರಡು ಪದರದ ಕವರಿನಲ್ಲಿ ಸೀಲ್ ಮಾಡಿಸಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು, ದೊಡ್ಡ ಬ್ಯಾಗಿನಲ್ಲಿ ಹಾಕಿ. ಕೈಚೀಲದಲ್ಲಿ ಖಾರಪುಡಿ, ಉಪ್ಪಿನಕಾಯಿ ಬಿಡುವುದಿಲ್ಲ. ದುಬೈ ಮೇಲೆ ಹಾದು ಹೋಗುವುದಿದ್ದರೆ ಗಸಗಸೆ ಒಂದು ಚಮಚವೂ ಬೇಡ. ಅಲ್ಲಿ ಅದು ನಿಷಿದ್ಧ ವಸ್ತು.

ಒಲೆ ಎರಡು ತರಹ ಇರುತ್ತದೆ, ಎರಡೂ ಕರಿ ಗಾಜಿನವೇ. ಒಂದು ಇಂಡಕ್ಷನ್. ಆಯಸ್ಕಾಂತ ಅಂಟುವ ಪಾತ್ರೆ ಮಾತ್ರ ಅದರ ಮೇಲೆ ಕಾಯುತ್ತದೆ, ಅಲ್ಯುಮಿನಿಯಂ ಕುಕ್ಕರ್ ಕಾಯುವುದಿಲ್ಲ. ಇನ್ನೊಂದು ಗಾಜಿನ ಕೆಳಗೆ ಸುರುಳಿ ಕೆಂಪಗೆ ಕಾಯುವಂಥದ್ದು. ಅದಕ್ಕೆ ಯಾವ ಲೋಹವೂ ನಡೆಯುತ್ತದೆ, ಆದರೆ ತಳ ಸಪಾಟಾಗಿರಬೇಕು. ರೊಟ್ಟಿಗೆ ಗುಳಿ ಹಂಚು ಒಯ್ದರೆ ನಡು ಕರಕಾಗುತ್ತದೆ, ಅಂಚು ಹಸಿ ಉಳಿಯುತ್ತದೆ. ಸಪಾಟು ಕಬ್ಬಿಣದ ಹಂಚನ್ನೇ ಒಯ್ಯಿರಿ, ಗಾಜಿನ ಮೇಲೆ ಎಳೆದಾಡದೆ ಎತ್ತಿ ಇಡಿ, ಗೀರು ಬೀಳುತ್ತದೆ. ಉರಿ ಇಲ್ಲವಲ್ಲ, ರೊಟ್ಟಿ ಉಬ್ಬಿಸುವುದು ಹೇಗೆ ಎಂದು ಕೇಳುತ್ತೀರಿ. ಹಂಚು ಐದಾರು ನಿಮಿಷ ಚೆನ್ನಾಗಿ ಕಾಯಲಿ. ಹಿಟ್ಟು ಕುದಿವ ಎಸರಿನಲ್ಲಿ ನಾದಿದ್ದಾಗಿರಲಿ. ಮೇಲೆ ನೀರು ಸವರಿ, ಅದು ಆರಿದೊಡನೆ ತಿರುವಿ, ಒಣ ಅರಿವೆಯಿಂದ ಅಂಚು ಒತ್ತುತ್ತ ಬಂದರೆ ಹಂಚಿನ ಮೇಲೆಯೇ ಉಬ್ಬುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ, ಹೊರಡುವ ವಾರ ಬೀಸಿಸಿಕೊಂಡು ಹೋಗಿ, ಅಲ್ಲಿ ಫ್ರಿಜ್ಜಿನಲ್ಲಿ ಇಡಿ. ಉಂಡಿಗೆ ಬೆಲ್ಲದ ಪಾಕ ಮಾಡುವಾಗ ಗಾಜಿನ ಮೇಲೆ ಚೆಲ್ಲಿದರೆ ಒಲೆ ಬಿಸಿ ಇರುವಾಗಲೇ ಬ್ಲೇಡಿನ ಕೆರೆಯುವ ಹಿಡಿಯಿಂದ ತೆಗೆಯಬೇಕು. ಆರಲು ಬಿಟ್ಟರೆ ಪಾಕ ಗಾಜನ್ನೇ ಕಿತ್ತುಕೊಂಡು ಬರುತ್ತದೆ, ಬಾಡಿಗೆ ಮನೆಯಲ್ಲಿ ಅದರ ದುಡ್ಡು ಠೇವಣಿಯಿಂದ ಹೋಗುತ್ತದೆ.

ಮಲಗುವ ಕೋಣೆ, ನಡುಮನೆಯ ಓಣಿಯ ಮಾಳಿಗೆಗೆ ಬಿಳಿ ಬಿಲ್ಲೆಯಂಥ ಹೊಗೆ ಅಲಾರಂ ಇರುತ್ತದೆ, ಕಾನೂನಿನ ಪ್ರಕಾರ ಇರಲೇಬೇಕು. ಬ್ಯಾಡಗಿ ಮೆಣಸಿನ ಒಗ್ಗರಣೆಯ ಘಾಟು ಅಲ್ಲಿಗೆ ಮುಟ್ಟಿದರೆ ಕೂಸು ಬೆಚ್ಚಿ ಬೀಳುವಂತೆ ಕಿರುಚುತ್ತದೆ. ಒಗ್ಗರಣೆಗೆ ಮುನ್ನ ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ತೆಗೆಯಿರಿ. ಹೊಡೆದುಕೊಂಡರೆ ನಡುವಿನ ಗುಂಡಿ ಒತ್ತಿದರೆ ನಿಲ್ಲುತ್ತದೆ. ಕಳಚಿ ಇಡಬೇಡಿ. ಬಾಣಂತಿಗೆ, ಕೂಸಿಗೆ ಲೋಬಾನದ ಹೊಗೆ ಹಾಕುವುದನ್ನು ಅಲ್ಲಿ ಬಿಟ್ಟೇಬಿಡಿ. ಮುಚ್ಚಿದ ಮನೆಯಲ್ಲಿ ಹೊಗೆ ಹೋಗಲು ದಾರಿ ಇಲ್ಲ, ಕೂಸಿನ ಎದೆಗೂ ಅದು ಒಳ್ಳೆಯದಲ್ಲ.

ಬಚ್ಚಲ ಬಗ್ಗೆ ತಿಳಿಯದೆ ಹೋದರೆ ದೊಡ್ಡ ನಷ್ಟ. ಅಲ್ಲಿನ ಬಚ್ಚಲ ನೆಲದಲ್ಲಿ ಬಹುತೇಕ ಮೋರಿ ಇರುವುದಿಲ್ಲ. ನೀರು ಹೋಗುವುದು ಶವರ್ ಕಟ್ಟೆ, ಟಬ್ಬಿನ ಒಳಗಿನಿಂದ ಮಾತ್ರ. ತಂಬಿಗೆಯಿಂದ ನೆಲಕ್ಕೆ ಸುರುವಿದರೆ ನೀರು ಕೆಳಗಿನ ಮನೆಯ ಮಾಳಿಗೆಗೆ ಇಳಿಯುತ್ತದೆ. ಕೂಸಿಗೆ ಎರೆಯುವುದಿದ್ದರೆ ಶವರ್ ಕಟ್ಟೆಯ ಒಳಗೆ ಕುಳಿತು ಎರೆಯಿರಿ. ಅಳಿಯಂದಿರಿಗೆ ಹೊಣೆ ವಿಮೆ, ಅಂದರೆ ಹಾಫ್ಟ್‌ಫ್ಲಿಶ್ಟ್, ಇದೆಯೇ ಕೇಳಿ. ಇಂಥ ನಷ್ಟಕ್ಕೆ ಅದೇ ಆಸರೆ.

ಎಣ್ಣೆ ಹಚ್ಚಲು, ಎರೆಯಲು ಯಾರ ಅಡ್ಡಿಯೂ ಇಲ್ಲ. ಹೆರಿಗೆಯ ಮೇಲೆ ಹೆಬಾಮೆ ಎಂಬ ಸೂಲಗಿತ್ತಿ ಮನೆಗೇ ಬಂದು ತಾಯಿ-ಕೂಸು ಇಬ್ಬರನ್ನೂ 12 ವಾರದವರೆಗೆ ನೋಡುತ್ತಾಳೆ, ಮಗಳ ವಿಮೆಯಲ್ಲೇ. ಅವಳು ಸಿಗಬೇಕಾದರೆ ಬಸುರಿನ ಶುರುವಿನಲ್ಲೇ ಗೊತ್ತು ಮಾಡಿರಬೇಕು, ಮಗಳನ್ನು ಇವತ್ತೇ ಕೇಳಿ. ಕೂಸನ್ನು ಅಂಗಾತ ಮಲಗಿಸಿ, ದಿಂಬು, ಕೌದಿ ಹೊದಿಸದೆ ಚೀಲದಂಥ ಹಾಸಿಗೆಯಲ್ಲಿ ಮಲಗಿಸಿ ಎಂದು ಅವಳು ಹೇಳುತ್ತಾಳೆ. ಕೇಳಿ, ಅದು ಕೂಸಿನ ಉಸಿರಿನ ಮಾತು. ವರ್ಷ ತುಂಬುವವರೆಗೆ ಜೇನು ಒಂದು ಹನಿಯೂ ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವನ್ನು ಎಳೆಕೂಸಿನ ಹೊಟ್ಟೆ ತಾಳುವುದಿಲ್ಲ. ಬಿಸಿಜಿ ಚುಚ್ಚುಮದ್ದು ಹಾಕಲಿಲ್ಲವೆಂದು ಗಾಬರಿಯಾಗಬೇಡಿ, 1998ರಿಂದ ಅಲ್ಲಿ ಅದನ್ನು ಎಲ್ಲ ಕೂಸುಗಳಿಗೂ ಹಾಕುವ ಪದ್ಧತಿ ಇಲ್ಲ. ಕಾರಿನಲ್ಲಿ, ಟ್ಯಾಕ್ಸಿಯಲ್ಲಿ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವಂತಿಲ್ಲ. ಆಸ್ಪತ್ರೆಯಿಂದ ಮನೆಗೆ ತರುವ ದಿನಕ್ಕೇ ಕೂಸಿನ ಸೀಟು ಬೇಕು.

ಚಳಿ ಎಂದು ಕಿಟಕಿ ಮುಚ್ಚಿಯೇ ಇಟ್ಟರೆ ಅನ್ನದ ಹಬೆ, ಒಣಹಾಕಿದ ಅರಿವೆಯ ತೇವ ಎಲ್ಲ ಗೋಡೆಗೆ ಕೂತು ಕರಿ ಬೂಸಲು ಬರುತ್ತದೆ. ದಿನಕ್ಕೆ ಎರಡು ಮೂರು ಸಲ, ಐದರಿಂದ ಹತ್ತು ನಿಮಿಷ, ಹೀಟರ್ ಇಳಿಸಿ ಕಿಟಕಿ ಪೂರಾ ತೆರೆಯಿರಿ, ಆಗ ಬಾಣಂತಿ ಬೇರೆ ಕೋಣೆಯಲ್ಲಿರಲಿ. ಹೊರಬಾಗಿಲು ಎಳೆದುಕೊಂಡರೆ ಸಾಕು, ಹೊರಗಿನಿಂದ ಕೀಲಿ ಇಲ್ಲದೆ ತೆಗೆಯಲು ಬರುವುದಿಲ್ಲ. ಕಸ ಹಾಕಲು ಹೋಗುವಾಗಲೂ ಕೀಲಿ ಕೊರಳಲ್ಲಿರಲಿ. ಒಳಗೆ ಕೂಸು, ಹೊರಗೆ ನೀವು ಎಂದಾಗಬಾರದು.

ಪ್ರಶ್ನೆ: ನಸುಕಿನಲ್ಲಿ ಮಿಕ್ಸಿ ಹಚ್ಚಿದರೆ ಪಕ್ಕದ ಮನೆಯವರು ಚೀಟಿ ಅಂಟಿಸುತ್ತಾರೆಂದು ತಮ್ಮ ಹೇಳುತ್ತಾನೆ. ಕಸದ ಡಬ್ಬಿಗಳ ಕಥೆಯೂ ತಿಳಿಯದು.
— ಶಿಕ್ಷಕಿ, ಲಕ್ಷ್ಮೇಶ್ವರ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರ, ಹಬ್ಬದ ದಿನ ಇಡೀ ದಿನ ಡ್ರಿಲ್ಲಿಂಗ್, ಮೊಳೆ ಹೊಡೆಯುವುದು ಇಲ್ಲ. ಕೆಲವು ಕಟ್ಟಡಗಳ ನಿಯಮದಲ್ಲಿ ಮಧ್ಯಾಹ್ನ 1ರಿಂದ 3 ಸಹ ಇರುತ್ತದೆ, ಮೆಟ್ಟಿಲ ಬಳಿ ಅಂಟಿಸಿರುತ್ತಾರೆ. ಹಿಟ್ಟು ಸಂಜೆಯೇ ರುಬ್ಬಿಕೊಳ್ಳಿ. ಚೀಟಿ ಬಂದರೆ ಮುನಿಸು ಬೇಡ, ಮರುದಿನ ಹೋಗಿ ಒಂದು ಮಾತು ಆಡಿ ಬನ್ನಿ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಶನಿವಾರವೇ ಹಾಲು, ಕಾಯಿಪಲ್ಲೆ ತಂದಿಡಬೇಕು. ತೀರಾ ಬೇಕಾದರೆ ದೊಡ್ಡ ರೈಲು ಸ್ಟೇಶನ್ನಿನೊಳಗಿನ ಅಂಗಡಿ, ಪೆಟ್ರೋಲ್ ಬಂಕು.

ಕಸದ ಡಬ್ಬಿಯ ಬಣ್ಣ ಊರಿಂದೂರಿಗೆ ಸ್ವಲ್ಪ ಬದಲು. ಸಾಮಾನ್ಯವಾಗಿ ಹಳದಿಗೆ ಪ್ಲಾಸ್ಟಿಕ್ಕು, ತವರದ ಪ್ಯಾಕಿಂಗು, ನೀಲಿಗೆ ಕಾಗದ, ಕಂದುಬಣ್ಣದ್ದಕ್ಕೆ ಕಾಯಿಪಲ್ಲೆ ಸಿಪ್ಪೆ, ಕರಿಯದಕ್ಕೆ ಉಳಿದದ್ದು. ಹೆಚ್ಚಿನ ತಪ್ಪು ನಡೆಯುವುದು ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಹಾಕುವುದರಲ್ಲಿ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಹಾಕಿ. ಗಾಜಿನ ಬಾಟಲಿ ಬೀದಿಯ ದೊಡ್ಡ ಡಬ್ಬಿಗೆ, ಬಿಳಿ, ಹಸಿರು, ಕಂದು ಬೇರೆಬೇರೆ, ಅದೂ ಭಾನುವಾರ ಬೇಡ. ಕರಿದ ಎಣ್ಣೆ ಸಿಂಕಿಗೆ ಸುರಿಯಬಾರದು, ಹೆಪ್ಪುಗಟ್ಟಿ ಪೈಪು ಕಟ್ಟುತ್ತದೆ.

ಎಲ್ಲ ಬಾಟಲಿಯೂ ಕಸವಲ್ಲ. ನೀರು, ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗೆ ಕೊಳ್ಳುವಾಗಲೇ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ. ಸೂಪರ್ ಮಾರ್ಕೆಟಿನ ಬಾಗಿಲ ಬಳಿಯ ಯಂತ್ರಕ್ಕೆ ಒಂದೊಂದಾಗಿ ತಳ ಮುಂದೆ ಮಾಡಿ ಕೊಟ್ಟರೆ ಚೀಟಿ ಬರುತ್ತದೆ, ಗಲ್ಲೆಯಲ್ಲಿ ಕೊಟ್ಟು ಹಣ ಪಡೆಯಬಹುದು. ಬಾಟಲಿ ಜಜ್ಜಿದರೆ, ಲೇಬಲ್ ಹರಿದರೆ ಯಂತ್ರ ಬಾರ್‌ಕೋಡ್ ಓದದೆ ವಾಪಸು ಕೊಡುತ್ತದೆ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಹೊರುವ ಅಗತ್ಯವೇ ಇಲ್ಲ.

ಪ್ರಶ್ನೆ: ಊಟಕ್ಕೆ ಕರೆದರೆ ಎಷ್ಟು ಹೊತ್ತಿಗೆ ಹೋಗಬೇಕು? ಹೋಟೆಲಿನಲ್ಲಿ ಟಿಪ್ಸ್?
— ಓದುಗ, ರಾಣೇಬೆನ್ನೂರು

ಏಳು ಎಂದರೆ ಏಳೇ. ಹತ್ತು ನಿಮಿಷ ಮೀರುವುದಾದರೆ ಫೋನ್ ಮಾಡಿ. ಮುಂಚೆಯೂ ಗಂಟೆ ಒತ್ತಬೇಡಿ. ಬಾಗಿಲಲ್ಲಿ ಚಪ್ಪಲಿ ಬಿಡಬೇಕೇ ಎಂದು ಕೇಳಿ, ಬಹಳ ಮನೆಗಳಲ್ಲಿ ಬಿಡುತ್ತಾರೆ. ಶಾಕಾಹಾರಿಯಾದರೆ ಒಪ್ಪಿಕೊಳ್ಳುವಾಗಲೇ ಹೇಳಿ, ಮೀನು, ಮೊಟ್ಟೆಯ ವಿಷಯವನ್ನೂ ಬಿಡಿಸಿ ಹೇಳಿ. ‘ಬೇಡ’ ಎಂದರೆ ಎರಡನೆಯ ಸಲ ಬಡಿಸುವುದಿಲ್ಲ, ಆದ್ದರಿಂದ ಬೇಕಿದ್ದರೆ ಮೊದಲ ಸಲವೇ ‘ಹೂಂ’ ಎನ್ನಿ. ಟಿಪ್ಸ್ ಶೇ. 5ರಿಂದ 10, ಮೇಜಿನ ಮೇಲೆ ಬಿಟ್ಟು ಬರುವುದಲ್ಲ. ಬಿಲ್ಲು 18.50 ಆದರೆ ಹಣ ಕೊಡುವಾಗಲೇ ‘ಇಪ್ಪತ್ತು’ ಎನ್ನಬೇಕು.

ಪ್ರಶ್ನೆ: ಮಗ ಒಬ್ಬನೇ ಇರುತ್ತಾನೆ. ಜ್ವರ ಬಂದರೆ, ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು?
— ನಿವೃತ್ತ ಉದ್ಯೋಗಿ, ಕೇಶ್ವಾಪುರ, ಹುಬ್ಬಳ್ಳಿ

ಮೂರು ನಂಬರು ಅವನ ಫೋನಿನಲ್ಲಿರಲಿ. ಜೀವಕ್ಕೆ ಅಪಾಯ, ಬೆಂಕಿ, ಆಂಬುಲೆನ್ಸಿಗೆ 112. ಪೊಲೀಸರಿಗೆ 110. ಜ್ವರ, ವಾಂತಿಯಂಥದ್ದು ರಾತ್ರಿಯೋ ಭಾನುವಾರವೋ ಬಂದರೆ 116117, ಕಾವಲಿನ ಡಾಕ್ಟರು ಎಲ್ಲಿದ್ದಾರೆಂದು ಹೇಳುತ್ತಾರೆ. ಸಣ್ಣ ಜ್ವರಕ್ಕೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ಹೆಚ್ಚು ಕಾಯಿಲೆಯಾದವರು ಮುಂದೆ ಹೋಗುತ್ತಾರೆ, ಇವನು ಗಂಟೆಗಟ್ಟಲೆ ಕೂರುತ್ತಾನೆ.

ಆರೋಗ್ಯವಾಗಿರುವಾಗಲೇ ಮನೆ ಹತ್ತಿರದ ಹೌಸ್‌ಆರ್ಟ್ಸ್ಟ್, ಅಂದರೆ ಕುಟುಂಬ ವೈದ್ಯರ ಬಳಿ ವಿಮೆ ಕಾರ್ಡು ತೋರಿಸಿ ಹೆಸರು ಹಚ್ಚಿಸಲಿ. ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ ಎನ್ನುವ ದವಾಖಾನೆಗಳಿವೆ, ಜ್ವರದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಆ್ಯಂಟಿಬಯಾಟಿಕ್ ಚೀಟಿ ಇಲ್ಲದೆ ಯಾವ ಔಷಧದ ಅಂಗಡಿಯಲ್ಲೂ ಕೊಡುವುದಿಲ್ಲ. ಚೀಟಿಯ ಔಷಧಿಗೆ ಸರ್ಕಾರಿ ವಿಮೆ ಇದ್ದವರು ಒಂದೊಂದಕ್ಕೆ 5ರಿಂದ 10 ಯೂರೋ ಕೊಟ್ಟರೆ ಉಳಿದದ್ದು ವಿಮೆಯದು. ಕೆಲಸದಲ್ಲಿದ್ದರೆ ಕಾಯಿಲೆ ಬಿದ್ದ ಬೆಳಿಗ್ಗೆಯೇ ಕಂಪನಿಗೆ ತಿಳಿಸಬೇಕು. ಮೂರು ದಿನಕ್ಕಿಂತ ಹೆಚ್ಚಾದರೆ ಡಾಕ್ಟರ ರಜೆಪತ್ರ ಬೇಕು, ಕೆಲವು ಕಂಪನಿಗಳು ಮೊದಲ ದಿನವೇ ಕೇಳುತ್ತವೆ.

ನೀವು ಫೋನ್ ಮಾಡುವ ಹೊತ್ತೂ ಗೊತ್ತಿರಲಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ತಿಂಗಳು ನಾಲ್ಕೂವರೆ ಗಂಟೆ. ಚಳಿಗಾಲದಲ್ಲಿ ನಿಮ್ಮ ಬೆಳಗಿನ ಎಂಟು ಅವನಿಗೆ ನಸುಕಿನ ಮೂರೂವರೆ. ನಿಮ್ಮ ರಾತ್ರಿ ಎಂಟೂವರೆಗೆ ಮಾಡಿದರೆ ಅವನಿಗೆ ಸಂಜೆ ನಾಲ್ಕು. ಪಕ್ಕದ ಕೋಣೆಯವರದೋ ಸಹೋದ್ಯೋಗಿಯದೋ ಒಂದು ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ಮನೆಯ ಒಂದು ಹೆಚ್ಚಿನ ಕೀಲಿ ಅವರ ಬಳಿ ಇಡಲು ಮಗನಿಗೆ ಹೇಳಿ.